ಮೆಡಿಕಲ್ ಕೂಪನ್, ಪಾಯಿಂಟ್, ಮೆಂಬರ್‌ಶಿಪ್: ಕಲಬುರಗಿಯಾಗ ಹೊಸದಾಗಿ ಶುರು ಮಾಡೋರು ಎಲ್ಲಿಂದ ಹಿಡೀಬೇಕು?

ಬ್ರಹ್ಮಪುರ_ಓಣಿ

ಎಲ್ಲಾರಿಗೂ ನಮಸ್ಕಾರ್ರಿ. ಮನ್ಯಾಗ ಮಾವನೋರಿಗೆ ಬಿಪಿ, ಸಕ್ಕರಿ ಎರಡೂ ಅವ. ಅತ್ತಿಯೋರಿಗೆ ಥೈರಾಯ್ಡ್. ಅದರ ಮ್ಯಾಲ ಕೂಸಿನ ಹಾಲಿನ ಪುಡಿ, ಡೈಪರ್, ಸಕ್ಕರಿ ನೋಡೋ ಸ್ಟ್ರಿಪ್. ಎಲ್ಲಾ ಕೂಡಿ ತಿಂಗಳಿಗೆ ಮೂರು ಸಾವಿರದ ಮ್ಯಾಲೇ ಹೋಗ್ತದ. ಓಣ್ಯಾಗಿನ ಮೆಡಿಕಲ್‌ನವರು ಎಂಆರ್‌ಪಿ ಮ್ಯಾಲ ಶೇ. 10 ಬಿಡ್ತಾರ. ಆ್ಯಪ್‌ನಾಗ ನೋಡಿದ್ರ ಶೇ. 25 ಅಂತ ತೋರಸ್ತದ, ಕಡೀಕ ರೊಕ್ಕ ಕಟ್ಟೋ ಹೊತ್ತಿಗೆ ಅಷ್ಟು ಕಡಿಮಿ ಆಗಂಗಿಲ್ಲ. ಚೈನ್ ಅಂಗಡಿಯವರು ಮೆಂಬರ್‌ಶಿಪ್ ತಗೋರಿ ಅಂತಾರ. ಹಾಲಿನ ಪುಡಿಗೆ ಯಾವ ಕೂಪನ್ನೂ ಹತ್ತಂಗಿಲ್ಲ, ಅದ್ಯಾಕ? ಕೂಪನ್, ಪಾಯಿಂಟ್ ಇವನ್ನ ಸರಿಯಾಗಿ ಬಳಸೋರು ಯಾವುದು ಪೈಲೆ, ಯಾವುದು ಆಮ್ಯಾಲ ಅಂತ ಬಿಡಿಸಿ ಹೇಳ್ರಿ. ಜನೌಷಧಿ ತಗೊಂಡ್ರ ಇವೆಲ್ಲಾ ಬೇಕಾಗೇ ಇಲ್ಲೇನು?

ಔಷಧಿ_ಕೌಂಟರ್

ಅಕ್ಕಾರೆ, ಕೂಪನ್‌ಗೆ ಹೋಗುವ ಮೊದಲು ರಿಯಾಯಿತಿ ಎಲ್ಲಿಂದ ಬರುತ್ತದೆ ಅನ್ನುವುದನ್ನು ತಿಳಿದುಕೊಳ್ಳಿ. ಆಮೇಲೆ ಯಾವ ಆಫರ್ ಗಟ್ಟಿ, ಯಾವುದು ಪೊಳ್ಳು ಅಂತ ನೀವೇ ಹೇಳಬಹುದು.

ಅಗತ್ಯ ಔಷಧಿಗಳ ರಾಷ್ಟ್ರೀಯ ಪಟ್ಟಿ ಅಂತ ಒಂದಿದೆ, 2022ರ ಪಟ್ಟಿಯಲ್ಲಿ 384 ಔಷಧಿ ಇವೆ. ಸಕ್ಕರೆಯ ಮೆಟ್‌ಫಾರ್ಮಿನ್, ಬಿಪಿಯ ಟೆಲ್ಮಿಸಾರ್ಟನ್, ಆ್ಯಮ್ಲೊಡಿಪಿನ್, ಥೈರಾಯ್ಡ್‌ನ ಲಿವೊಥೈರಾಕ್ಸಿನ್ ಎಲ್ಲ ಅದರಲ್ಲಿವೆ. 2013ರ ಔಷಧ ಬೆಲೆ ನಿಯಂತ್ರಣ ಆದೇಶದ ಪ್ರಕಾರ ಇವುಗಳಿಗೆ ಎನ್‌ಪಿಪಿಎ, ಅಂದರೆ ಕೇಂದ್ರದ ಔಷಧ ಬೆಲೆ ಪ್ರಾಧಿಕಾರ, ಗರಿಷ್ಠ ಬೆಲೆ ಕಟ್ಟುತ್ತದೆ. ಅಂಗಡಿಗೆ ಬೀಳುವ ಬೆಲೆಯ ಮೇಲೆ ಶೇ. 16 ಚಿಲ್ಲರೆ ಲಾಭ ಹಿಡಿದೇ ಆ ಬೆಲೆ ನಿಗದಿಯಾಗುತ್ತದೆ. ನಿಯಂತ್ರಣದ ಹೊರಗಿನ ಔಷಧಿಗೆ ಅಂಗಡಿಯವರ ಲಾಭ ಸಾಮಾನ್ಯವಾಗಿ ಶೇ. 20ರ ಸುತ್ತ. ಇದರಲ್ಲೇ ಬಾಡಿಗೆ, ಕರೆಂಟ್, ಫ್ರಿಜ್, ಫಾರ್ಮಾಸಿಸ್ಟ್ ಪಗಾರ ಎಲ್ಲ ಹೋಗಬೇಕು. ಹಾಗಾಗಿ ಓಣಿಯ ಅಂಗಡಿ ಹೆಸರುವಾಸಿ ಕಂಪನಿಯ ಮಾತ್ರೆಗೆ ಶೇ. 10 ಬಿಡುತ್ತಿದ್ದರೆ ತನ್ನ ಲಾಭದ ದೊಡ್ಡ ಪಾಲನ್ನೇ ಬಿಡುತ್ತಿದೆ. ಚೈನ್‌ಗಳು, ಆ್ಯಪ್‌ಗಳು ಭಾರಿ ಪ್ರಮಾಣದಲ್ಲಿ ಖರೀದಿಸುವುದರಿಂದ ಇನ್ನೂ ಸ್ವಲ್ಪ ಕೆಳಗೆ ಇಳಿಯಬಲ್ಲವು.

ಹಾಗಾದರೆ ಶೇ. 60, ಶೇ. 70 ಅಂತ ಬೋರ್ಡ್ ಹಾಕುವವರು ಹೇಗೆ ಕೊಡುತ್ತಾರೆ? ಅದು ಬೇರೆ ಸರಕು. ಒಂದೇ ಔಷಧಿ, ಕಡಿಮೆ ಪರಿಚಿತ ಕಂಪನಿಯದ್ದು ಅಥವಾ ಚೈನ್‌ನ ಸ್ವಂತ ಹೆಸರಿನದ್ದು, ಮೇಲೆ ಎಂಆರ್‌ಪಿ ಮಾತ್ರ ಎತ್ತರ. ಒಂದು ಲೆಕ್ಕ ನೋಡಿ, ಅಂಕಿಗಳು ಉದಾಹರಣೆಗೆ ಮಾತ್ರ. ಹತ್ತು ಮಾತ್ರೆಯ ಪಟ್ಟಿಗೆ 110 ರೂ. ಎಂಆರ್‌ಪಿ, ಶೇ. 20 ಬಿಟ್ಟರೆ ಮಾತ್ರೆಗೆ 8.80. ಇನ್ನೊಂದು ಕಂಪನಿಯದ್ದು 140 ರೂ., ಶೇ. 60 ಬಿಟ್ಟರೆ ಮಾತ್ರೆಗೆ 5.60. ಮೂರನೆಯದ್ದು 60 ರೂ., ರಿಯಾಯಿತಿ ಏನೂ ಇಲ್ಲ, ಮಾತ್ರೆಗೆ 6. ಶೇ. 60ರ ಆಫರ್‌ಗೂ ಏನೂ ಬಿಡದ ಪಟ್ಟಿಗೂ ನಡುವೆ ಇರುವುದು 40 ಪೈಸೆ! ಆದ್ದರಿಂದ ಶೇಕಡಾ ನೋಡುವುದನ್ನು ಬಿಟ್ಟು, ಒಂದು ಮಾತ್ರೆಗೆ ಎಷ್ಟು ಬಿತ್ತು ಅನ್ನುವುದನ್ನೇ ಬರೆದಿಡಿ. ಪಟ್ಟಿಯಲ್ಲಿ 10, 14, 15 ಹೀಗೆ ಬೇರೆ ಬೇರೆ ಎಣಿಕೆ ಇರುವುದರಿಂದ ಪಟ್ಟಿಯ ಬೆಲೆಯನ್ನು ಪಟ್ಟಿಗೆ ಹೋಲಿಸಿದರೂ ಮೋಸ ಹೋಗುತ್ತೀರಿ.

ಅಗತ್ಯ ಔಷಧಿಗಳ ಪಟ್ಟಿಯಲ್ಲಿರುವ ಔಷಧಿಯ ಗರಿಷ್ಠ ಬೆಲೆ ನೋಡಲು ಎನ್‌ಪಿಪಿಎಯ ‘ಫಾರ್ಮಾ ಸಹಿ ದಾಮ್’ ಆ್ಯಪ್ ಇದೆ. ಎರಡು ಔಷಧಿ ಸೇರಿಸಿದ ಮಾತ್ರೆಗಳಲ್ಲಿ ಹೆಚ್ಚಿನವು ಈ ಪಟ್ಟಿಯಲ್ಲಿಲ್ಲ, ಕಂಪನಿಯಿಂದ ಕಂಪನಿಗೆ ಬೆಲೆ ಭಾರಿ ಏರುಪೇರಾಗುವುದು ಅಲ್ಲೇ. ಎಂಆರ್‌ಪಿಯಲ್ಲಿ ಎಲ್ಲ ತೆರಿಗೆಯೂ ಸೇರಿರುತ್ತದೆ. ರಿಯಾಯಿತಿ ಕೊಟ್ಟು ಮೇಲೆ ಜಿಎಸ್‌ಟಿ ಬೇರೆ ಹಾಕಿ, ಒಟ್ಟು ಎಂಆರ್‌ಪಿ ದಾಟಿದರೆ ಅದು ತಪ್ಪು. ಬಿಲ್ ಇಟ್ಟುಕೊಂಡು 1915ಕ್ಕೆ, ಅಂದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿಗೆ ಹೇಳಿ. 2025ರ ಸೆಪ್ಟೆಂಬರ್ 22ರಿಂದ ಬಹುತೇಕ ಔಷಧಿಗಳ ಜಿಎಸ್‌ಟಿ ಶೇ. 12ರಿಂದ 5ಕ್ಕೆ ಇಳಿದಿದೆ. ಅದಕ್ಕೂ ಹಿಂದಿನ ಬಿಲ್ ಇಟ್ಟುಕೊಂಡು ‘ಈ ಅಂಗಡಿಯಲ್ಲಿ ಅಗ್ಗ’ ಅಂದುಕೊಂಡರೆ ಲೆಕ್ಕ ತಪ್ಪುತ್ತದೆ, ಅದು ತೆರಿಗೆಯ ಇಳಿಕೆಯೂ ಇರಬಹುದು.

ಹಾಲಿನ ಪುಡಿ ವಿಷಯ: ಅದಕ್ಕೆ ಕೂಪನ್ ಹತ್ತದಿರುವುದಕ್ಕೆ ಕಾನೂನೇ ಕಾರಣ. 1992ರ ಶಿಶು ಹಾಲು ಬದಲಿಗಳ ಕಾಯ್ದೆ, 2003ರಲ್ಲಿ ತಿದ್ದುಪಡಿ ಆಗಿದ್ದು, ಎರಡು ವರ್ಷದೊಳಗಿನ ಮಕ್ಕಳ ಹಾಲಿನ ಪುಡಿ, ಆಹಾರ, ಹಾಲಿನ ಬಾಟಲಿ ಇವುಗಳಿಗೆ ಜಾಹೀರಾತು, ಉಚಿತ ಸ್ಯಾಂಪಲ್, ಉಡುಗೊರೆ, ಆಮಿಷ ಯಾವುದನ್ನೂ ಬಿಡುವುದಿಲ್ಲ. ತಾಯಿಯ ಹಾಲಿನಿಂದ ಕೂಸನ್ನು ಬಿಡಿಸುವ ಮಾರಾಟ ತಂತ್ರ ನಡೆಯಬಾರದು ಅಂತ ಮಾಡಿದ ಒಳ್ಳೆಯ ಕಾಯ್ದೆ ಅದು. ಅದಕ್ಕೆ ಕೂಪನ್ ಹುಡುಕುತ್ತಾ ಹೊತ್ತು ಕಳೆಯಬೇಡಿ.

ಲೆಕ್ಕದ_ವಹಿ

ಕೌಂಟರ್ ಸರ್ ಹೇಳಿದ್ದು ಬುನಾದಿ. ಇನ್ನ ಆ್ಯಪ್ ಕಡೆ ನೋಡೋಣ್ರಿ.

ತೋರಿಸೋ ಶೇ. 25 ಯಾಕ ಕೈಗೆ ಸಿಗಂಗಿಲ್ಲ ಅಂದ್ರ, ಅದರಾಗ ಮೂರು ನಮೂನಿ ಕಡಿತ ಕೂಡಿರ್ತಾವ: ಎಲ್ಲಾರಿಗೂ ಸಿಗೋದು, ಕೂಪನ್ ಹಾಕಿದ್ರ ಸಿಗೋದು, ಮತ್ತ ಮುಂದಿನ ಸಲಕ್ಕ ಪಾಯಿಂಟ್ ಆಗಿ ಬರೋದು. ಹಿಂಗ ತಿಳ್ಕೋರಿ. ಒಟ್ಟು ಎಂಆರ್‌ಪಿ 1,480. ಶೇ. 18 ನೇರ ಕಡಿತ ಆದ್ಮ್ಯಾಲ 1,213.60. ಕೂಪನ್ ‘ಇನ್ನೂ ಶೇ. 10’ ಅಂತದ, ಆದ್ರ ಕೆಳಗ ಸಣ್ಣ ಅಕ್ಷರದಾಗ ‘ಗರಿಷ್ಠ 75 ರೂ., ಕನಿಷ್ಠ ಖರೀದಿ 1,200’ ಅಂತ ಇರ್ತದ. ಹಂಗಾಗಿ 75 ಮಾತ್ರ ಹೋಗಿ 1,138.60. ಹ್ಯಾಂಡ್ಲಿಂಗ್ ಅಂತ 12 ಕೂಡಿಸಿದ್ರ 1,150.60. ಖರೇ ಉಳಿದದ್ದು ಶೇ. 22ರಷ್ಟು. ಪಾಯಿಂಟ್ ಬಂದ್ರ ಅದು ಮುಂದಿನ ತಿಂಗಳ ಮಾತು.

ಇಲ್ಲಿ ಹೊಸಬರು ಹೆಚ್ಚಾಗಿ ಸಿಕ್ಕೊಳ್ಳೋ ಜಾಗ ಕನಿಷ್ಠ ಖರೀದಿ. ಸಾಮಾನ್ಯವಾಗಿ ಅದನ್ನ ಎಂಆರ್‌ಪಿ ಮ್ಯಾಲ ಎಣಸಂಗಿಲ್ಲ, ನೇರ ಕಡಿತ ಆದ ಮೊತ್ತದ ಮ್ಯಾಲ ಎಣಸ್ತಾರ. ಮ್ಯಾಲಿನ ಲೆಕ್ಕದಾಗ 1,200 ದಾಟಿದ್ದು ಬರೇ 13.60. ಆರ್ಡರ್ ಆದ್ಮ್ಯಾಲ ಒಂದು ಗುಳಿಗಿ ಸ್ಟಾಕ್ ಇಲ್ಲಂತ ಅವರ ಕಡಿಂದ ತೆಗೆದ್ರೂ ಗಡಿ ಕೆಳಗ ಬೀಳ್ತದ, ಕೂಪನ್ ಪೂರಾ ಹೋಗಬಹುದು. ಹಂಗಾಗಿ ಗಡಿಗಿಂತ ಒಂದು ಪಟ್ಟಿ ಬೆಲೆಯಷ್ಟಾದ್ರೂ ಮ್ಯಾಲ ಇಡ್ರಿ. ಆದ್ರ ಗಡಿ ದಾಟಸ್ಲಿಕ್ಕೆ ಬೇಡದ ವಿಟಮಿನ್ ಡಬ್ಬಿ, ಪ್ರೋಟೀನ್ ಪುಡಿ ಕೂಡಿಸಬ್ಯಾಡ್ರಿ. ಎಲ್ಲಾರ ಮನ್ಯಾಗೂ ಉಳಿತಾಯ ಸೋರಿ ಹೋಗೋದು ಅಲ್ಲೇ. ತಿಂಗಳಾ ಹೆಂಗೂ ಬೇಕಾಗೋ ಟೂತ್‌ಪೇಸ್ಟ್, ಡೈಪರ್, ಹತ್ತಿ, ಸ್ಯಾನಿಟರಿ ಪ್ಯಾಡ್ ಇಂಥಾವನ್ನೇ ಕಾಯ್ದಿಟ್ಟು ಗಡಿ ಸಲುವಾಗಿ ಬಳಸ್ರಿ. ಇವಕ್ಕ ಔಷಧಿಗಿಂತ ಕೂಪನ್ನೂ ಜಾಸ್ತಿ ಬರ್ತಾವ. ಡೈಪರ್ ಬೆಲಿ ಮಾತ್ರ ಒಂದು ಪೀಸಿಗೆ ಎಷ್ಟು ಅಂತ ಸೂಪರ್ ಮಾರ್ಕೆಟ್ ಬಜಾರದ ಹೋಲ್‌ಸೇಲ್ ದುಕಾನಿನ ಜೋಡಿ ಹೋಲಿಸ್ರಿ, ಭಾಳ ಸಲ ಬಜಾರೇ ಅಗ್ಗ.

ಶುರು ಮಾಡೋದು ಹೆಂಗ: ಮನಿಗೆಲ್ಲಾ ಒಂದೇ ಮೊಬೈಲ್ ನಂಬರ್ ಇಟ್ಕೋರಿ. ಮಾವ ಹೋದಾಗ ಅವರ ನಂಬರ್, ನೀವು ಹೋದಾಗ ನಿಮ್ಮ ನಂಬರ್ ಕೊಟ್ರ ಪಾಯಿಂಟ್ ಎರಡು ಕಡೆ ಚದುರಿ, ಎರಡೂ ಕಡೆ ಬಳಸೋ ಮಟ್ಟಕ್ಕ ಬೆಳೆಯೋದೇ ಇಲ್ಲ. ಚೈನ್ ಅಂಗಡ್ಯಾಗ ಬಿಲ್ ಮಾಡೋ ಮುಂಚೆನೇ ನಂಬರ್ ಹೇಳ್ರಿ, ಬಿಲ್ ಆದ್ಮ್ಯಾಲ ಕೂಡಿಸೋದು ತ್ರಾಸ. ಪಾಯಿಂಟ್ ಬಳಸೋವಾಗ ಒಟಿಪಿ ಬರ್ತದ, ಎಷ್ಟು ಕಡಿಮಿ ಆಯ್ತು ಅಂತ ಪರದೆ ಮ್ಯಾಲ ನೋಡಿದ ಮ್ಯಾಲೇ ಅದನ್ನ ಹೇಳ್ರಿ. ಫೋನ್ ಮಾಡಿ ‘ನಿಮ್ಮ ರಿವಾರ್ಡ್ ಮುಗೀತದ, ಒಟಿಪಿ ಹೇಳ್ರಿ’ ಅಂದ್ರ ಅದು ಕಳ್ಳರೇ. ಅಂಗಡಿಯವರಿಗೆ ನಿಮ್ಮ ಒಟಿಪಿ ಕೌಂಟರಿನ ಆಚೆ ಎಲ್ಲೂ ಬೇಕಾಗಂಗಿಲ್ಲ.

ಪಾಯಿಂಟ್ ಅಂದ್ರ, ಅಪೊಲೊದ ಹೆಲ್ತ್ ಕ್ರೆಡಿಟ್ ಇರ್ಲಿ, ಟಾಟಾ ಒನ್‌ಎಂಜಿ ಕಡಿಯ ನ್ಯೂಕಾಯಿನ್ ಇರ್ಲಿ, ಒಂದಕ್ಕ ಒಂದು ರೂಪಾಯಿ ಲೆಕ್ಕ. ಕೇಳ್ಬೇಕಾದ್ದು ನಾಕು ಮಾತು: ಎಂದು ಜಮಾ ಆಗ್ತದ, ಎಂದು ಸಾಯ್ತದ, ಒಂದು ಬಿಲ್ಲಿಗೆ ಎಷ್ಟರ ತನಕ ಬಳಸಬಹುದು, ಕೂಪನ್ ಹಾಕಿದಾಗ ಪಾಯಿಂಟ್ ಬರ್ತದೋ ಇಲ್ಲೋ. ಮಾಲು ಮನಿಗೆ ಮುಟ್ಟಿದ ಮ್ಯಾಲೇ ಜಮಾ ಆಗೋದು ರೂಢಿ, ಹಂಗಾಗಿ ಮೊದಲ ತಿಂಗಳು ಏನೂ ಕಾಣಂಗಿಲ್ಲ. ಪಾಯಿಂಟಿನ ಮುಗಿಯೋ ತಾರೀಖು ಕ್ಯಾಲೆಂಡರ್ ಮ್ಯಾಲ ಬರ್ದಿಡ್ರಿ. ನಾ ಅಂತೂ ಪಾಯಿಂಟನ್ನ ಖರ್ಚಾಗೋ ತನಕ ಉಳಿತಾಯ ಅಂತ ಬರಕೊಳ್ಳಂಗಿಲ್ಲ. ವಹ್ಯಾಗ ಅದು ಸೊನ್ನಿ.

ಮೆಂಬರ್‌ಶಿಪ್ಪಿಗೆ ಒಂದೇ ಭಾಗಾಕಾರ ಸಾಕು. ಫೀ 199, ಹೆಚ್ಚಿಗಿ ಸಿಗೋದು ಶೇ. 5 ಅಂತ ಹಿಡೀರಿ. 199ನ್ನ 0.05ಲೆ ಭಾಗಿಸಿದ್ರ 3,980. ಅವಧಿ ಮುಗಿಯೋದ್ರಾಗ ಅಷ್ಟು ಖರೀದಿ ಅಲ್ಲೇ ಆದ್ರ ಫೀ ಮಾತ್ರ ವಾಪಸ್, ಲಾಭ ಅದರಾಚೆ. ನಿಮ್ಮ ಮೂರು ಸಾವಿರದಾಗಿಂದ ಹಾಲಿನ ಪುಡಿ ತೆಗೀರಿ, ಡೈಪರ್ ಬಜಾರಕ್ಕ ಹೋದ್ರ ಅದನ್ನೂ ತೆಗೀರಿ, ಉಳಿದದ್ದರ ಮ್ಯಾಲ ಲೆಕ್ಕ ಹಾಕ್ರಿ. ಆರು ತಿಂಗಳ ಪ್ಲಾನ್ ಆದ್ರ ನಿಮಗ ಪರವಡ್ತದ ಅನಸ್ತದ. ಆಟೋ ರಿನ್ಯೂವಲ್ ಗುರುತು ಇದ್ರ ಮೊದಲ ದಿನಾನೇ ತೆಗೀರಿ.

ಬ್ರಹ್ಮಪುರ_ಓಣಿ

ಭಾಳ ಉಪಕಾರ ಆತ್ರಿ. ಹಂಗಾದ್ರ ಕೌಂಟರ್ ಸರ್, ಮಾತ್ರೆಗೆ ಎಷ್ಟು ಅಂತ ನೋಡಿ ಅಗ್ಗದ್ದೇ ತಗೊಂಡ್ರ ನಡೀತದೇನು? ಮಾವನೋರ ಚೀಟಿಯೊಳಗ ಕಂಪನಿ ಹೆಸರಿನ ಮುಂದ ಒಂದಕ್ಕ ‘ಎಚ್’, ಇನ್ನೊಂದಕ್ಕ ‘ಎಸ್‌ಆರ್’ ಅಂತ ಅದ.

ಔಷಧಿ_ಕೌಂಟರ್

ಒಳ್ಳೆಯ ಪ್ರಶ್ನೆ ಕೇಳಿದಿರಿ, ಕೂಪನ್ ಬೇಟೆಯಲ್ಲಿ ಅಪಾಯ ಇರುವುದು ಇಲ್ಲೇ. ಬಿಪಿ ಮಾತ್ರೆಯ ಹೆಸರಿನ ಮುಂದೆ ‘ಎಚ್’ ಇದ್ದರೆ ಸಾಮಾನ್ಯವಾಗಿ ಜೊತೆಗೆ ಹೈಡ್ರೊಕ್ಲೋರೊಥಯಾಜೈಡ್ ಇದೆ ಅಂತ, ಅದು ಮೂತ್ರದ ಮೂಲಕ ನೀರು, ಉಪ್ಪು ಹೊರಹಾಕುವ ಔಷಧಿ. ‘ಎಎಂ’ ಇದ್ದರೆ ಆ್ಯಮ್ಲೊಡಿಪಿನ್. ಎರಡೂ ಬೇರೆ. ‘ಎಸ್‌ಆರ್’ ಅಂದರೆ ಹೊಟ್ಟೆಯಲ್ಲಿ ನಿಧಾನವಾಗಿ ಕರಗುವ ಮಾತ್ರೆ. ಮೆಟ್‌ಫಾರ್ಮಿನ್ 500 ಸಾದಾ, ಮೆಟ್‌ಫಾರ್ಮಿನ್ 500 ಎಸ್‌ಆರ್ ಇವನ್ನು ಅದಲುಬದಲು ಮಾಡಬಾರದು. ಪಟ್ಟಿಯ ಹಿಂದೆ ಸಣ್ಣಗೆ ಬರೆದಿರುವ ರಾಸಾಯನಿಕ ಹೆಸರು, ಎಷ್ಟು ಮಿಲಿಗ್ರಾಂ, ಕರಗುವ ರೀತಿ ಈ ಮೂರೂ ಅಕ್ಷರಶಃ ಹೊಂದಿದರೆ ಮಾತ್ರ ಎರಡು ಕಂಪನಿಯ ಬೆಲೆ ಹೋಲಿಸಿ.

ಹೊಂದಿದರೂ ನೀವೇ ಬದಲಾಯಿಸಬೇಡಿ. ಶೆಡ್ಯೂಲ್ ಎಚ್ ಔಷಧಿಗೆ, ಅಂದರೆ ವೈದ್ಯರ ಚೀಟಿ ಇದ್ದರೆ ಮಾತ್ರ ಮಾರುವಂಥದ್ದಕ್ಕೆ, ಚೀಟಿಯಲ್ಲಿ ಒಂದು ಕಂಪನಿಯ ಹೆಸರಿದ್ದರೆ, ಒಳಗಿರುವುದು ಅದೇ ಔಷಧಿಯಾದರೂ ಬೇರೆ ಕಂಪನಿಯದ್ದನ್ನು ಅಂಗಡಿಯವನು ತಾನಾಗಿ ಕೊಡುವಂತಿಲ್ಲ, ನಿಯಮ ಹಾಗಿದೆ. ಮುಂದಿನ ಸಲ ತೋರಿಸಲು ಹೋದಾಗ ‘ಸರ್, ಜೆನೆರಿಕ್ ಹೆಸರು ಬರೆದುಕೊಡಿ’ ಅಂತ ಕೇಳಿ, ಅಂದರೆ ಕಂಪನಿಯ ಹೆಸರಲ್ಲ, ಒಳಗಿರುವ ಔಷಧಿಯ ಹೆಸರು. ವೈದ್ಯರು ಜೆನೆರಿಕ್ ಹೆಸರಿನಲ್ಲಿ ಬರೆಯಬೇಕೆಂದು ವೃತ್ತಿ ನಿಯಮದಲ್ಲೇ ಇದೆ, ಸಂಕೋಚ ಬೇಡ. ಆ ಒಂದು ಚೀಟಿ ನಿಮಗೆ ಯಾವ ಕೂಪನ್‌ಗಿಂತಲೂ ಹೆಚ್ಚು ಉಳಿಸುತ್ತದೆ.

ಅತ್ತೆಯವರ ಥೈರಾಯ್ಡ್ ಮಾತ್ರೆಯನ್ನು ಮಾತ್ರ ಆಫರ್ ನೋಡಿ ತಿಂಗಳಿಗೊಂದು ಕಂಪನಿ ಮಾಡಬೇಡಿ. ಅದು ಮೈಕ್ರೊಗ್ರಾಂ ಲೆಕ್ಕದ ಔಷಧಿ. ಕಂಪನಿ ಬದಲಾದರೆ ಆರರಿಂದ ಎಂಟು ವಾರ ಬಿಟ್ಟು ಟಿಎಸ್‌ಎಚ್ ಪರೀಕ್ಷೆ ಮಾಡಿಸಬೇಕಾಗುತ್ತದೆ, ಉಳಿಸಿದ ಹಣ ಲ್ಯಾಬ್‌ಗೆ ಹೋಗುತ್ತದೆ. ಫಿಟ್ಸ್ ಔಷಧಿ, ರಕ್ತ ತೆಳುವಾಗಿಸುವ ವಾರ್ಫರಿನ್ ಕೂಡ ಹೀಗೆಯೇ, ಒಂದೇ ಕಂಪನಿಗೆ ನಿಲ್ಲಬೇಕು.

ಶರಣರ_ಜಾತ್ರಿ_ಮೈದಾನ

ಜನೌಷಧಿ ಬಗ್ಗೆ ಯಾರೂ ಬಿಡಿಸಿ ಹೇಳಿಲ್ಲ. 2008ರಾಗ ಶುರುವಾದ ಯೋಜನಾ ಅದು. ಈಗ 2,000ಕ್ಕೂ ಹೆಚ್ಚು ಔಷಧಿ ಪಟ್ಟಿಯಾಗ ಅವ, ಹೆಸರುವಾಸಿ ಕಂಪನಿಗಿಂತ ಶೇ. 50ರಿಂದ 80ರಷ್ಟು, ಕೆಲವಕ್ಕ ಅದಕ್ಕೂ ಜಾಸ್ತಿ ಕಡಿಮಿ. ಆ್ಯಪ್‌ಗಳ ಕೂಪನ್ ಅಲ್ಲಿ ನಡ್ಯಂಗಿಲ್ಲ, ಅಷ್ಟು ಇಳಿದ ಬೆಲಿ ಮ್ಯಾಲ ಅದರ ಗರಜೂ ಇಲ್ಲ. ‘ಜನೌಷಧಿ ಸುಗಮ್’ ಆ್ಯಪ್ ಹಾಕ್ಕೊಂಡ್ರ ಹತ್ತಿರದ ಕೇಂದ್ರ ಎಲ್ಲದ, ಯಾವ ಔಷಧಿಗೆ ಎಷ್ಟು ಬೆಲಿ ಅಂತ ಕಾಣ್ತದ. ‘ಸುವಿಧಾ’ ಪ್ಯಾಡ್ ಒಂದಕ್ಕ ಒಂದು ರೂಪಾಯಿ.

ತೊಂದ್ರಿ ಒಂದೇ, ಸ್ಟಾಕ್. ಎಲ್ಲಾ ಗುಳಿಗಿ ಎಲ್ಲಾ ಹೊತ್ತಿನ್ಯಾಗ ಇರಂಗಿಲ್ಲ, ಕೂಡಿಸಿದ ಮಾತ್ರೆ ಅಂತೂ ಇನ್ನೂ ಕಡಿಮಿ. ಹಂಗಾಗಿ ಮನಿಯಾಗ ಹತ್ತು ದಿನದ್ದು ಉಳಿದಿರುವಾಗಲೇ ಹೋಗ್ರಿ ಅಥವಾ ಫೋನ್ ಮಾಡಿ ಕೇಳ್ರಿ. ಕಡೀ ದಿನ ಹೋದ್ರ ಇಲ್ಲಂತ ಬಂದು, ಪಕ್ಕದ ಅಂಗಡ್ಯಾಗ ಪೂರಾ ಎಂಆರ್‌ಪಿ ಕೊಟ್ಟು ತಗೋಬೇಕಾಗ್ತದ. ನಿಮ್ಮ ಯಾದ್ಯಾಗ ಮೆಟ್‌ಫಾರ್ಮಿನ್, ಬಿಪಿ ಗುಳಿಗಿ ಎರಡನ್ನ ಡಾಕ್ಟರ ಒಪ್ಪಿಗಿ ಮ್ಯಾಲ ಅಲ್ಲಿಗೆ ಹಾಕ್ರಿ. ಥೈರಾಯ್ಡ್ ಓಣಿ ಅಂಗಡ್ಯಾಗ, ಸ್ಟ್ರಿಪ್, ಟೂತ್‌ಪೇಸ್ಟ್ ಆ್ಯಪ್‌ನಾಗ.

ಇನ್ನೊಂದು. ಸರಕಾರಿ ದವಾಖಾನಿಯ ಎನ್‌ಸಿಡಿ ಕ್ಲಿನಿಕ್‌ನಾಗ, ಅಂದ್ರ ಅಂಟದ ರೋಗಗಳ ವಿಭಾಗದಾಗ, ಬಿಪಿ, ಸಕ್ಕರಿ ತಪಾಸಣಿ ಮಾಡಿ, ಸಾಮಾನ್ಯ ಗುಳಿಗಿ ಪುಕ್ಕಟೆ ಕೊಡ್ತಾರ. ಕಲಬುರಗಿ ಸರಕಾರಿ ದವಾಖಾನಿ ಜಿಮ್ಸ್‌ಗೆ, ಇಲ್ಲಂದ್ರ ಹತ್ತಿರದ ಆರೋಗ್ಯ ಕೇಂದ್ರಕ್ಕ ಮಾವನೋರನ್ನ ಒಂದು ಸಲ ಕರಕೊಂಡು ಹೋಗ್ರಿ. ಮೂರು ಸಾವಿರದ ಬಿಲ್ಲಿಗೆ ಅದಕ್ಕಿಂತ ದೊಡ್ಡ ಕಡಿತ ಯಾರೂ ಕೊಡಂಗಿಲ್ಲ.

ಆಳಂದ_ನಾಕಾ

ನಮ್ಮ ತಾಲೂಕಿನೋರು ಓದ್ಲಿಕತ್ತಿದ್ರ ಅವರ ಸಲುವಾಗಿ ಬರೀತೀನಿ. ಕೂಪನ್ ನೋಡೋ ಮುಂಚೆ ಪಿನ್‌ಕೋಡ್ ಹಾಕ್ರಿ. 585101ಕ್ಕ ತೋರಿಸೋ ಬೆಲಿ, ದಿನ, ಡೆಲಿವರಿ ಖರ್ಚು 585302ಕ್ಕ ಇರಂಗಿಲ್ಲ. ಆಳಂದ, ಚಿಂಚೋಳಿ, ಅಫಜಲಪುರ ಕಡೆ ಆರ್ಡರ್ ಮುಟ್ಲಿಕ್ಕ ಜಾಸ್ತಿ ದಿನ ಹಿಡೀತದ ಅಂತ ತಿಳ್ಕೊಂಡೇ, ವಾರ-ಹತ್ತು ದಿನ ಮುಂಚೆ ಹಾಕಬೇಕು. ಚೀಟಿ ಫೋಟೋ ಸರಿ ಇಲ್ಲಂದ್ರ ಆರ್ಡರ್ ತಡೀತಾರ. ಡಾಕ್ಟರ ಹೆಸರು, ನೋಂದಣಿ ಸಂಖ್ಯಾ, ಪೇಶಂಟ್ ಹೆಸರು, ತಾರೀಖು, ನಾಕೂ ಮೂಲಿ ಕಾಣೂ ಹಂಗ ಬೆಳಕಿನ್ಯಾಗ ತೆಗೀರಿ.

ಇನ್ಸುಲಿನ್ ತಗೋಳ್ಳೋರು ಮಾರ್ಚ್‌ನಿಂದ ಜೂನ್ ತನಕ ಆ್ಯಪ್ ಕೂಪನ್ ಮರ್ತುಬಿಡ್ರಿ. ಇನ್ನೂ ಓಪನ್ ಮಾಡದ ಇನ್ಸುಲಿನ್ 2ರಿಂದ 8 ಡಿಗ್ರಿಯೊಳಗ ಇರಬೇಕು. ನಮ್ಮ ಕಡಿ ಬ್ಯಾಸಗಿ 40 ದಾಟ್ತದ. ಪಾರ್ಸಲ್ ಗಾಡ್ಯಾಗ ಅರ್ಧ ದಿನ ನಿಂತ್ರ ಔಷಧಿ ಕೆಟ್ಟಿದ್ದು ಕಣ್ಣಿಗೆ ಕಾಣಂಗಿಲ್ಲ, ಸಕ್ಕರಿ ಏರಿದಾಗಲೇ ಗೊತ್ತಾಗ್ತದ. ಫ್ರಿಜ್ ಸರಿ ಇಟ್ಟ ಅಂಗಡ್ಯಾಗ ಕೈಯಿಂದ ತಗೊಂಡು, ಐಸ್ ಪ್ಯಾಕ್ ಹಾಕಿದ ಡಬ್ಬ್ಯಾಗ ತರ್ರಿ. ಐಸಿಗೆ ನೇರ ತಾಗಬಾರದು, ನಡುವ ಅರಿವಿ ಸುತ್ರಿ. ಹೆಪ್ಪುಗಟ್ಟಿದ್ರೂ ಅದು ಕೆಟ್ಟಂಗೇ.

ಔಷಧಿ_ಕೌಂಟರ್

ಆಳಂದ ಅಣ್ಣಾರು ಹೇಳಿದ್ದಕ್ಕೆ ನನ್ನ ಪೂರ್ಣ ಒಪ್ಪಿಗೆ. ಸಕ್ಕರೆ ಸ್ಟ್ರಿಪ್ ಬಗ್ಗೆ ಒಂದು ಸೇರಿಸುತ್ತೇನೆ: 50ರ ಡಬ್ಬಿ ಎರಡು ತಗೊಂಡರೆ ಕೂಪನ್ ಹತ್ತುತ್ತದೆ ಅಂತ ಎರಡನ್ನೂ ಒಮ್ಮೆಲೇ ತೆರೆಯಬೇಡಿ. ಕೆಲವು ಕಂಪನಿಯ ಸ್ಟ್ರಿಪ್ ತೆರೆದ ಮೇಲೆ ಮೂರು ತಿಂಗಳು, ಕೆಲವು ಆರು ತಿಂಗಳು ಮಾತ್ರ. ಡಬ್ಬಿಯ ಮೇಲೆ ತೆರೆದ ತಾರೀಖು ಬರೆಯಿರಿ. ವಾರಕ್ಕೆ ಎರಡೇ ಸಲ ನೋಡುವ ಮನೆಗೆ 25ರ ಡಬ್ಬಿಯೇ ಸರಿ, ಒಂದು ಸ್ಟ್ರಿಪ್‌ಗೆ ಬೆಲೆ ತುಸು ಹೆಚ್ಚಾದರೂ.

ಗಡಿ ದಾಟಿಸಲು ಮೂರು ತಿಂಗಳ ಮಾತ್ರೆ ಒಟ್ಟಿಗೆ ತಗೊಳ್ಳುವವರು, ಮುಂದಿನ ತಪಾಸಣೆ ಯಾವಾಗ ಅಂತ ಮೊದಲು ನೋಡಿ. ಅಲ್ಲಿ ಡೋಸ್ ಬದಲಾದರೆ ಉಳಿದದ್ದು ಕಸ. ಕತ್ತರಿಸಿದ ಪಟ್ಟಿಯನ್ನು, ಫ್ರಿಜ್ ಔಷಧಿಯನ್ನು ಸಾಮಾನ್ಯವಾಗಿ ಯಾರೂ ವಾಪಸ್ ತಗೊಳ್ಳುವುದಿಲ್ಲ. ಇಡೀ ಪಟ್ಟಿಯನ್ನು ಬಿಲ್ ಇದ್ದರೆ, ಬ್ಯಾಚ್ ನಂಬರ್ ಹೊಂದಿದರೆ ತಗೊಳ್ಳುವವರಿದ್ದಾರೆ. ಓಣಿಯ ಅಂಗಡಿಯನ್ನು ಪೂರ್ತಿ ಬಿಡಬೇಡಿ ಅನ್ನುವುದಕ್ಕೆ ಇದೂ ಒಂದು ಕಾರಣ, ರಾತ್ರಿ ಹತ್ತಕ್ಕೆ ನಾಲ್ಕೇ ಮಾತ್ರೆ ಬೇಕಾದಾಗ ಕತ್ತರಿಸಿ ಕೊಡುವವರು ಅವರೇ.

ಬಿಲ್‌ನಲ್ಲಿ ರೋಗಿಯ ಹೆಸರು ಅತ್ತೆ, ಮಾವನದ್ದೇ ಬರೆಸಿ. 60 ದಾಟಿದವರಿಗೆ ಆರೋಗ್ಯ ವಿಮೆ ಇಲ್ಲದಿದ್ದರೆ, ಹಳೆಯ ತೆರಿಗೆ ಪದ್ಧತಿಯಲ್ಲಿ ಇರುವ ಅವರೇ ಅಥವಾ ಅವರ ಮಕ್ಕಳು ವರ್ಷಕ್ಕೆ 50,000 ರೂ. ತನಕ ವೈದ್ಯಕೀಯ ಖರ್ಚಿಗೆ ವಿನಾಯಿತಿ ಕೇಳಬಹುದು. ನಗದು ಕೊಟ್ಟದ್ದು ಅದಕ್ಕೆ ನಡೆಯುವುದಿಲ್ಲ, ಯುಪಿಐ ಅಥವಾ ಕಾರ್ಡ್ ಬಳಸಿ.

ಬ್ರಹ್ಮಪುರ_ಓಣಿ

ಮಾವನೋರ ತಪಾಸಣಿ ಇದೇ ತಿಂಗಳ ಕಡೀಕ ಅದ್ರಿ. ಜೆನೆರಿಕ್ ಹೆಸರಿನ ಚೀಟಿ ಬರೆಸ್ಕೊಂಡು ಬಂದು, ಒಂದು ಗುಳಿಗಿಗೆ ಎಷ್ಟು ಬೀಳ್ತದಂತ ಓಣಿ ಅಂಗಡಿ, ಜನೌಷಧಿ, ಆ್ಯಪ್ ಮೂರೂ ಕಡೆಯದ್ದು ಇಲ್ಲೇ ಹಾಕ್ತೀನಿ, ತಪ್ಪಿದ್ರ ತಿದ್ರಿ. ಮೆಂಬರ್‌ಶಿಪ್ ಅಲ್ಲೀ ತನಕ ತಗೊಳ್ಳಂಗಿಲ್ಲ.

ಲೆಕ್ಕದ_ವಹಿ

ಹಾಕ್ರಿ ಅಕ್ಕಾರೆ. ಆ್ಯಪ್ ಕಡೆಯದ್ದು ಬರೆಯುವಾಗ ಹ್ಯಾಂಡ್ಲಿಂಗ್, ಡೆಲಿವರಿ ಎರಡನ್ನೂ ಕೂಡಿಸಿ, ಪಾಯಿಂಟ್ ಕಳೀದಂಗ ಬರೀರಿ. ಆವಾಗ ಮೂರೂ ಕಡೆಯದ್ದು ಒಂದೇ ತಕ್ಕಡ್ಯಾಗ ಬರ್ತದ.